ಆಯಮ್ಮ ವಾಚು ಕಟ್ಟಿ ನೋಡಿದ್ದು

ಎಡಗೈಯ ಮಣಿಕಟ್ಟಿನಿಂದ ಮೊಣಕೈವರೆಗೂ ಹಸಿರು ಹಚ್ಚೆ. ತೊಟ್ಟಿಲು, ಚೇಳು, ಸೀತೆಯ ಸೆರಗು, ನಡುನಡುವೆ ಲೆಕ್ಕವಿಲ್ಲದಷ್ಟು ಚುಕ್ಕಿ. ಅದರ ಕೆಳಗೆ ಫಿನಾಯಿಲು, ಬ್ಲೀಚಿಂಗ್ ಪುಡಿಯ ನೀರಲ್ಲಿ ಅದ್ದಿ ಅದ್ದಿ ಬಿಳಿಚಿಕೊಂಡ ಅಂಗೈ. ನಮ್ಮ ಆಯಮ್ಮನನ್ನು ನೆನೆದರೆ ನನಗೆ ಮೊದಲು ಕಣ್ಣಿಗೆ ಬರುವುದು ಮುಖವಲ್ಲ, ಆ ಕೈ.

ಹನ್ನೆರಡು ವರ್ಷ ಒಂದೇ ಆಸ್ಪತ್ರೆಯಲ್ಲಿದ್ದೆವು. ನಾನು ನರ್ಸು, ಅವರು ಡಿ ಗ್ರೂಪ್ ಆಯಾ. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ. ಚನ್ನಗಿರಿ ಕಡೆಯದು ಅನ್ನಿ, ಸಾಕು. ಈಗ ಬರೆಯಲು ಕೂತಾಗ ‘ಅವರು’ ಎಂದು ಬರೆಯುತ್ತಿದ್ದೇನೆ. ಆಗೆಲ್ಲ ‘ಏ ಆಯಮ್ಮ, ಬಾ ಇಲ್ಲಿ’ ಎಂದೇ ಕರೆಯುತ್ತಿದ್ದೆ. ನನಗಿಂತ ಹದಿನೇಳು ವರ್ಷ ದೊಡ್ಡವರು. ಅವರು ಮಾತ್ರ ನನಗೆ ‘ರೀ ಸಿಸ್ಟರ್’ ಅನ್ನುತ್ತಿದ್ದರು. ಆಸ್ಪತ್ರೆಯ ಪದ್ಧತಿ ಅದು. ಯಾರೂ ಕೂತು ಮಾಡಿದ್ದಲ್ಲ, ಯಾರೂ ಎದ್ದು ಬಿಟ್ಟಿದ್ದೂ ಇಲ್ಲ.

ಜಗಳೂರು ಸೀಮೆಯಲ್ಲಿ ಹುಟ್ಟಿದವರು, ತ್ಯಾವಣಿಗೆ ಹತ್ತಿರಕ್ಕೆ ಮದುವೆಯಾಗಿ ಬಂದವರು. ಗಂಡ ಬೇಗ ಹೋದ. ಒಬ್ಬಳೇ ಮಗಳನ್ನು ನ್ಯಾಮತಿಗೆ ಕೊಟ್ಟಿದ್ದರು. ಮನೆಯಲ್ಲಿ ಅವರೂ, ಅವರ ವಾರಗಿತ್ತಿಯೂ. ಇಬ್ಬರಿಗೂ ದಿನಾ ಜಗಳ, ದಿನಾ ಒಂದೇ ತಟ್ಟೆಯಲ್ಲಿ ಊಟ.

ಓಪಿಡಿ ಬಾಗಿಲಿಗೆ ಆಯಮ್ಮ ನಿಂತರೆಂದರೆ ಸಾಲು ಸಾಲಾಗಿಯೇ ಇರುತ್ತಿತ್ತು. ಒಮ್ಮೆ ಪಂಚಾಯ್ತಿ ಮೆಂಬರೊಬ್ಬರು ಇಸ್ತ್ರಿ ಅಂಗಿ ಹಾಕಿಕೊಂಡು ಸೀದಾ ಒಳಗೆ ನುಗ್ಗಿದರು. ಆಯಮ್ಮ ಪೊರಕೆಯನ್ನು ಬಾಗಿಲಿಗೆ ಅಡ್ಡ ಹಿಡಿದರು.

“ಸಾಹೇಬ್ರೆ, ನೀವು ಮೆಂಬರ್ರು ಅಂತ ಜ್ವರಕ್ಕೆ ಗೊತ್ತಾಗಲ್ರಿ. ಸಾಲಿಗೆ ಬರ್ರಿ.”

ಇನ್ನೊಂದು ಸಲ ಅವರ ಮಗಳೇ ಕೆಂಡದಂಥ ಮೈಯ ಕೂಸನ್ನು ಹೊತ್ತುಕೊಂಡು ಬಂದಿದ್ದಳು. ಅವಳನ್ನೂ ಸಾಲಿನ ಕೊನೆಗೇ ನಿಲ್ಲಿಸಿದರು. “ಏನ್ ಆಯಮ್ಮ, ನಿನ್ನ ಮೊಮ್ಮಗ ಅಲ್ವಾ?” ಎಂದು ನಾನು ಕೇಳಿದರೆ, “ಮುಂದೆ ನಿಂತೋರ ಕೂಸೂ ಯಾರಿಗೋ ಮೊಮ್ಮಗನೇ ಅಲ್ರಿ” ಅಂದರು. ನನಗೆ ಸಿಟ್ಟು ಬಂತು. ಇಷ್ಟು ನಿಯತ್ತು ಯಾವ ಸರ್ಕಾರಿ ನೌಕರರಿಗೂ ಒಳ್ಳೆಯದಲ್ಲ ಎಂದು ಈಗಲೂ ನನಗೆ ಅನ್ನಿಸುತ್ತದೆ.

ಅವರಿಗೊಂದು ಚಾಳಿಯಿತ್ತು. ನೆಲ ಒರೆಸುವಾಗ, ಹಾಸಿಗೆ ಕೊಡವುವಾಗ ಮಲಗಿದವರ ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದು ನೋಡುವುದು. ಓದು ಬರಹ ಇಲ್ಲ, ಎಣಿಕೆಯೂ ಅಷ್ಟಕ್ಕಷ್ಟೆ. ನಾಡಿಗೆ ಅವರ ಹತ್ತಿರ ಇದ್ದದ್ದು ಮೂರೇ ಮಾತು: ನಡಿತೈತೆ, ಓಡ್ತೈತೆ, ಕುಂಟ್ತೈತೆ. ನಾವು ನರ್ಸುಗಳು ಇದನ್ನು ಹೇಳಿಕೊಂಡು ನಗುತ್ತಿದ್ದೆವು.

ನಗು ನಿಂತದ್ದು ಒಂದು ಮಧ್ಯಾಹ್ನ. ಬೆಳಗ್ಗೆ ಹೆರಿಗೆಯಾದ ಹೆಣ್ಣುಮಗಳೊಬ್ಬಳು ಗೋಡೆ ಪಕ್ಕದ ಮಂಚದಲ್ಲಿ ಮಲಗಿದ್ದಳು. ಬಿಪಿ ನೋಡಿ ಸರಿಯಾಗಿದೆ ಎಂದು ಬರೆದು ನಾನು ಬಂದು ಕೂತಿದ್ದೆ. ಆಯಮ್ಮ ಅಲ್ಲಿಂದಲೇ ಕೂಗಿದರು.

“ಸಿಸ್ಟರ್, ಈಕಿದು ಓಡ್ತೈತೆ. ಬಂದು ನೋಡ್ರಿ.”

“ಈಗ ತಾನೆ ನೋಡಿದೀನಿ. ನೀನು ನೆಲ ಒರೆಸು ಆಯಮ್ಮ.”

“ಒರೆಸ್ತೀನ್ರಿ. ನೀವು ಬಂದು ನೋಡಿದ ಮ್ಯಾಲೆ ಒರೆಸ್ತೀನಿ.”

ಗೊಣಗುತ್ತಲೇ ಎದ್ದು ಹೋದೆ. ಹೊದಿಕೆ ಸರಿಸಿದರೆ ಕೆಳಗೆಲ್ಲ ರಕ್ತ. ಆಮೇಲಿನ ಓಡಾಟ, ಗ್ಲೂಕೋಸು, ಆಂಬುಲೆನ್ಸು ಎಲ್ಲ ಕನಸಿನಂತೆ ನಡೆಯಿತು. ಆಕೆ ದಾವಣಗೆರೆ ಸೇರಿ ಬದುಕಿಕೊಂಡಳು. ಡಾಕ್ಟರು ಎಲ್ಲರೆದುರು ನನ್ನನ್ನು ಹೊಗಳಿದರು. ಸ್ಟಾಫ್ ನರ್ಸ್ ಸಕಾಲದಲ್ಲಿ ಗಮನಿಸಿದರು ಎಂದು ಕೇಸ್ ಶೀಟಿನಲ್ಲಿ ಬರೆದದ್ದೂ ನನ್ನ ಕೈಯೇ. ನಾನು ಬಾಯಿ ಬಿಡಲಿಲ್ಲ. ಆಯಮ್ಮ ಬಕೆಟ್ಟು ಹಿಡಿದು ಅಲ್ಲೇ ನಿಂತಿದ್ದರು. ಸಂಜೆ ನನಗೊಂದು ಲೋಟ ಚಹಾ ತಂದಿಟ್ಟು, “ಕುಂತ್ಕಳ್ರಿ ಐದು ನಿಮಿಷ. ಆಸ್ಪತ್ರೆ ಎಲ್ಲೂ ಓಡಿ ಹೋಗಲ್ಲ” ಅಂದರು. ಅಷ್ಟೇ.

ಸುಸ್ತು ಎನ್ನುವುದನ್ನು ನಾನು ಸೀರೆಯ ಹಾಗೆ ಉಟ್ಟುಕೊಂಡೇ ಇರುತ್ತೇನೆ. ನಾಲ್ಕು ಜನ ಮಾಡುವ ಕೆಲಸಕ್ಕೆ ಇಬ್ಬರು, ಆ ಇಬ್ಬರಲ್ಲಿ ಒಬ್ಬರು ರಜೆ. ಮನೆಯಲ್ಲಿ ಯಾರೂ ಅದನ್ನು ನೋಡಲಿಲ್ಲ, ಮೇಲಿನವರು ನೋಡಲಿಲ್ಲ, ನೋಡಿದ್ದು ಆಯಮ್ಮ ಒಬ್ಬರೇ. ಬಾಗಿಲಲ್ಲಿ ಕಾಲಿಡುವಾಗಲೇ ಹೇಳುತ್ತಿದ್ದರು, “ಇವತ್ತು ನೀವು ಉಂಡಿಲ್ಲ.”

ಅವರ ನಿವೃತ್ತಿಗೆ ನಾವೆಲ್ಲ ಸೇರಿ ಸೀರೆ ಕೊಡಿಸೋಣ ಎಂದುಕೊಂಡಿದ್ದೆವು. ಅವರು ಸೆರಗಿನ ಚುಂಗು ಹಿಂಡುತ್ತ ವಾಚು ಬೇಕು ಅಂದರು. ಮೂವತ್ತು ವರ್ಷ ಒದ್ದೆ ಕೈ, ಒಂದು ದಿನ ವಾಚು ಕಟ್ಟಿದವರಲ್ಲ. “ನೀವೆಲ್ಲ ಕಟ್ಕಂತೀರಲ್ರಿ, ಚೆಂದ ಕಾಣ್ತೈತೆ” ಎಂದು ನಾಚಿಕೊಂಡರು. ಬೀಳ್ಕೊಡುಗೆ ಮುಗಿದು ವಾರವಾದ ಮೇಲೆ, ಅವರನ್ನು ಚನ್ನಗಿರಿಗೆ ಕರೆದುಕೊಂಡು ಹೋಗಿ ಕೊಡಿಸುವ ಕೆಲಸ ನನ್ನ ತಲೆಗೆ ಬಂತು.

ಹಿಂದಿನ ದಿನ ಸಂಜೆಯಿಂದ ಡ್ಯೂಟಿ ಮಾಡಿದ್ದೆ. ಕಾಲು ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ. ಬಸ್ ಸ್ಟ್ಯಾಂಡ್ ಎದುರಿನ ಮೊಬೈಲ್ ಅಂಗಡಿಗೆ ಹೋದೆವು. ಅಂಗಡಿಯವನು ಮೂವತ್ತರ ಆಸುಪಾಸಿನವನು, ಭಲೇ ಮಾತುಗಾರ. ಮುಳ್ಳಿನ ವಾಚು ತೆಗೆದಿಟ್ಟ.

“ಮುಳ್ಳಿಂದು ಬ್ಯಾಡಪ್ಪ. ಅಂಕಿ ಬರೋದು ಕೊಡು. ಮುಳ್ಳು ನೋಡಾಕೆ ನಂಗೆ ಬರಲ್ಲ” ಅಂದರು ಆಯಮ್ಮ.

ನಾನು ಕಣ್ಣು ಕಣ್ಣು ಬಿಟ್ಟೆ. “ಮತ್ತೆ ಇಷ್ಟು ವರ್ಷ ‘ಹತ್ತಾತು ಸಿಸ್ಟರ್, ಇಂಜೆಕ್ಷನ್ ಟೈಮು’ ಅಂತ ಹೆಂಗೆ ಹೇಳ್ತಿದ್ದೆ?”

“ಹೊನ್ನಾಳಿ ಬಸ್ ಹೋದ್ರೆ ಹತ್ತು ಅಲ್ರಿ?”

ಅಂಗಡಿಯವನು ನಕ್ಕು ಸ್ಮಾರ್ಟ್ ವಾಚು ತೆಗೆದ. ಟೈಮು, ಹೆಜ್ಜೆ, ಹೃದಯದ ಬಡಿತ ಎಲ್ಲ ದೊಡ್ಡ ಅಂಕಿಯಲ್ಲಿ ಬರುತ್ತದೆ ಎಂದು ವರ್ಣಿಸುತ್ತ ಆಯಮ್ಮನ ಎಡಗೈಗೆ ಕಟ್ಟಿದ. ಟೈಮು ಬಂತು. ಬಡಿತದ ಜಾಗದಲ್ಲಿ ಎರಡು ಗೀಟು.

“ಅಜ್ಜಿ, ನಿಮಗೆ ಹಾರ್ಟೇ ಇಲ್ವಂತೆ!”

“ನಮ್ಮತ್ತೆನೂ ಅದನ್ನೇ ಹೇಳ್ತಿದ್ಲು ಬಿಡಪ್ಪ.”

ಮೂವರೂ ನಕ್ಕೆವು. ಹಚ್ಚೆ ಇದ್ದರೆ ವಾಚಿನ ಹೊಟ್ಟೆಯ ಬೆಳಕು ಚರ್ಮದೊಳಗೆ ಇಳಿಯುವುದಿಲ್ಲ, ಟ್ಯಾಟೂ ಹಾಕಿಸಿಕೊಂಡ ಹುಡುಗರದ್ದೂ ಇದೇ ಕಂಪ್ಲೇಂಟು ಎಂದು ಅವನು ವಿವರಿಸಿದ. ಆಯಮ್ಮ ಹಚ್ಚೆ ಸವರಿಕೊಂಡು, “ಸತ್ತಾಗ ಜತಿಗೆ ಬರೋದು ಇದೊಂದೇ ಅಂತ ನಮ್ಮವ್ವ ಹಾಕ್ಸಿದ್ಲು. ವಾಚೇನು ಬರಲ್ಲಲ್ಲ” ಅಂದರು. ಬಲಗೈ ಚಾಚಿದರು. ಆ ಕೈ ಬರಿದಾಗಿತ್ತು.

ಬಲಗೈಯಲ್ಲಿ ಅಂಕಿ ಬಂತು. ಐವತ್ತೆಂಟು. ನೋಡುತ್ತಿದ್ದ ಹಾಗೆ ನೂರಮೂವತ್ತೊಂದು. ಮತ್ತೆ ಎಪ್ಪತ್ತಾರು. ಮತ್ತೆ ಗೀಟು.

“ಅಜ್ಜಿ ಕೈ ಸಣ್ಣ, ಬೆಲ್ಟು ಸರಿಯಾಗಿ ಕೂತಿಲ್ಲ” ಎಂದು ಕರಿ ರಬ್ಬರ್ ಬೆಲ್ಟು ಬಿಚ್ಚಿ ಇನ್ನೊಂದು ಹಾಕಿದ. ಅದರಲ್ಲೂ ಅಂಕಿ ಕುಣಿಯಿತು. ಬಟ್ಟೆಯ ಬೆಲ್ಟು ಹಾಕಿದ. ಬದನೆಕಾಯಿ ಬಣ್ಣದ್ದು, ಆಯಮ್ಮನಿಗೆ ಬಹಳ ಹಿಡಿಸಿತು, ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಅಂಕಿ ನಿಲ್ಲಲಿಲ್ಲ. ಸ್ಟೀಲಿನ ಚೈನು ಹಾಕಿದ, ಚರ್ಮ ಚಿವುಟಿತು. ಅಯಸ್ಕಾಂತದಿಂದ ಅಂಟಿಕೊಳ್ಳುವ ಬೆಲ್ಟು ಹಾಕಿದ. ಕೊನೆಗೆ ವಾಚನ್ನೇ ಬದಲಿಸಿದ. ನಾನು ಸ್ಟೂಲಿನ ಮೇಲೆ ಕಾಲು ಚಾಚಿ ಕೂತು, “ಇನ್ನೊಂದು ತೂತು ಬಿಗಿ ಮಾಡಪ್ಪ” ಎನ್ನುತ್ತಿದ್ದೆ. ಇಪ್ಪತ್ತು ವರ್ಷ ಸರ್ವೀಸಿನ ನರ್ಸು ನಾನು! ಬೆಲ್ಟಿನ ಮೇಲೆ ಬೆಲ್ಟು ಬದಲಿಸುತ್ತಿದ್ದರೂ ನನಗೆ ಬೇರೆ ಯೋಚನೆಯೇ ಹೊಳೆಯಲಿಲ್ಲ. ಐದೂವರೆ ಬಸ್ಸು ತಪ್ಪಿದರೆ ಹೇಗೆ ಎಂಬುದೊಂದೇ ತಲೆಯಲ್ಲಿತ್ತು.

ಇದು ಇವತ್ತಿಗೆ ಮುಗಿಯಲ್ಲ ಎಂದು ರೇಗಿ, ವಾಚು ಸರಿಯೋ ತಪ್ಪೋ ನೋಡೇಬಿಡೋಣ ಎಂದು ಆಯಮ್ಮನ ಬಲಗೈ ಹಿಡಿದೆ. ಎರಡು ಬಡಿತ, ನಿಂತಿತು. ಮೂರು ಬಡಿತ ಒಂದರ ಮೇಲೊಂದು ಬಿದ್ದು ಬಂದವು, ಮತ್ತೆ ನಿಂತಿತು. ವಾಚು ಸರಿಯಾಗಿತ್ತು. ಬೆಲ್ಟೂ ಸರಿಯಾಗಿತ್ತು.

ಊರಿನವರ ಕೈಯನ್ನೆಲ್ಲ ಹಿಡಿದು ನೋಡಿದವರ ಕೈಯನ್ನು ನಾನು ಹನ್ನೆರಡು ವರ್ಷದಲ್ಲಿ ಹಿಡಿದದ್ದು ಅದೇ ಮೊದಲು. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಸುಳ್ಳಲ್ಲ.

“ಎಷ್ಟು ದಿನದಿಂದ ಹಿಂಗೆ?” ಎಂದೆ.

ಅವರು ರಸ್ತೆ ಕಡೆ ನೋಡುತ್ತಿದ್ದರು. “ಯುಗಾದಿಯಿಂದ ಇರಬೌದು.”

“ನಿನಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಇರ್ತೈತೇನ್ರಿ? ಕೈ ನಂದೇ ಅಲ್ಲಾ.”

“ಹೇಳಕ್ಕೆ ಏನಾಗಿತ್ತು ನಿಂಗೆ?”

“ಹೇಳಿದ್ರೆ ನನ್ನ ಮಂಚಕ್ಕೆ ಹಾಕ್ತಿದ್ರಿ. ಆಮೇಲೆ ನೆಲ ಯಾರು ಒರೆಸ್ತಿದ್ರು, ನೀವಾ?”

ನನಗೆ ಅವರ ಮೇಲೆ ವಿಪರೀತ ಸಿಟ್ಟು ಬಂತು. ಇಂಥ ನಾಡಿ ಏನೇನು ಮಾಡಬಹುದು ಎಂದು ನನಗೆ ಗೊತ್ತು. ನಮ್ಮ ಆಸ್ಪತ್ರೆಯಲ್ಲಿ ಇಸಿಜಿ ಮಿಷನ್ನು ಇದೆ, ಹತ್ತು ನಿಮಿಷದ ಕೆಲಸ. ಡಾಕ್ಟರು ಇನ್ನೂ ಇದ್ದರು. ಒಂದು ಆಟೋ ಹಿಡಿದು ಆಗಲೇ ವಾಪಸು ಕರೆದುಕೊಂಡು ಹೋಗಬಹುದಿತ್ತು. ಆದರೆ ವಾಪಸು ಹೋದರೆ ಮತ್ತೆರಡು ತಾಸು ಎಂದು ನನ್ನ ಕಾಲು ಹೇಳಿತು. ನಾನು ಕಾಲಿನ ಮಾತು ಕೇಳಿದೆ.

“ನಾಳೆ ಬಾರಮ್ಮ. ತಪ್ಪಿಸಬೇಡ. ಇಸಿಜಿ ಮಾಡ್ಸಣ” ಎಂದೆ. ದಿನಕ್ಕೆ ನೂರು ಸಲ ನಾವು ಎಲ್ಲರಿಗೂ ಹೇಳುವ ಮಾತು.

“ಆತ್ರಿ” ಅಂದರು. ಬದನೆಕಾಯಿ ಬಣ್ಣದ ಬೆಲ್ಟಿನ ವಾಚನ್ನೇ ಕೊಡಿಸಿದೆ. ಬಸ್ಸಿನಲ್ಲಿ ಎರಡು ನಿಮಿಷಕ್ಕೊಮ್ಮೆ ಟೈಮು ಹೇಳುತ್ತ ಬಂದರು. ನಾನು ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದೆ.

ಮರುದಿನ ಬೆಳಗ್ಗೆ ಎಂಟಕ್ಕೇ ಫೋನು ಬಂತು. ಬೇರೆಯವರ ಬದಲಿಗೆ ಲಸಿಕೆ ಕ್ಯಾಂಪಿಗೆ ಹೋಗಬೇಕಾಯಿತು. ಆಯಮ್ಮ ಬರುತ್ತಾರೆ, ನೋಡಿಕೊಳ್ಳಿ ಎಂದು ಒಬ್ಬರಿಗೆ ಹೇಳಿದ್ದರೆ ಸಾಕಿತ್ತು. ಮರೆತೆ. ಅವರು ಬಂದಿದ್ದರು. ಒಳಗೆ ಬರಲಿಲ್ಲ. ಈಗ ತಾನು ಸ್ಟಾಫ್ ಅಲ್ಲವಲ್ಲ ಎಂದು ಚೀಟಿ ಸಾಲಿನಲ್ಲಿ ನಿಂತರು. ಜ್ವರದ ಕಾಲ, ಸಾಲು ಗೇಟಿನವರೆಗೂ ಇತ್ತು. ಒಂದು ಗಂಟೆಗೆ ಬಾಗಿಲಲ್ಲಿದ್ದ ಹೊಸಬಳು ‘ಟೈಮ್ ಆಯ್ತು, ನಾಳೆ ಬರ್ರಿ’ ಎಂದಳು. ಅವಳಿಗೆ ಇವರು ಯಾರೆಂದು ಗೊತ್ತಿರಲಿಲ್ಲ. ಇವರೂ ಹೇಳಲಿಲ್ಲ.

ಅದರ ಮರುದಿನ ಮತ್ತೆ ಬಂದರು, ವಾರಗಿತ್ತಿಯನ್ನು ಜೊತೆಗೆ ಕರೆದುಕೊಂಡು. ಆ ದಿನ ನಾನು ಆಸ್ಪತ್ರೆಯಲ್ಲೇ ಇದ್ದೆ. ಹೆರಿಗೆ ವಾರ್ಡಿನಿಂದ ಔಷಧಿ ಕೋಣೆಗೆ, ಅಲ್ಲಿಂದ ವಾರ್ಡಿಗೆ, ಆ ಸಾಲಿನ ಪಕ್ಕದಲ್ಲೇ ನಾಲ್ಕು ಸಲ ಓಡಾಡಿದ್ದೇನೆ. ಬರಲಿಲ್ಲವಲ್ಲ ಈ ಮುದುಕಿ, ಹಟಮಾರಿ, ಎಂದು ಒಳಗೊಳಗೇ ಬೈದುಕೊಂಡೂ ಇದ್ದೆ.

ಮೂರನೆಯ ದಿನ ಬೆಳಗ್ಗೆ ಅವರು ಒಲೆ ಮುಂದೆಯೇ ಕುಸಿದರು. ಆಂಬುಲೆನ್ಸು ಬರುವಷ್ಟರಲ್ಲಿ ಮುಗಿದಿತ್ತು.

ಇಸಿಜಿ ಮಾಡಿಸಿದ್ದರೆ ಉಳಿಯುತ್ತಿದ್ದರಾ ಎಂದು ಡಾಕ್ಟರನ್ನು ಕೇಳಿದೆ. “ಹೇಳಕ್ಕಾಗಲ್ಲ ಸಿಸ್ಟರ್” ಎಂದರು. ಒಳ್ಳೆಯ ಮನುಷ್ಯ. ಉಳಿಯುತ್ತಿರಲಿಲ್ಲ ಎಂದು ಒಂದು ಸುಳ್ಳು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ನನಗೆ ಇನ್ನೂ ಅನ್ನಿಸುತ್ತದೆ.

ಸಾಲಿನ ಸಂಗತಿಯೆಲ್ಲ ನನಗೆ ಗೊತ್ತಾದದ್ದು ಮಣ್ಣು ಮುಗಿಸಿ ಬಂದ ಮೇಲೆ, ಆ ವಾರಗಿತ್ತಿಯಿಂದ. ಆಕೆ ನನ್ನನ್ನು ದೂರಲಿಲ್ಲ. ಅಳುತ್ತಲೂ ಇರಲಿಲ್ಲ, ಅತ್ತು ಅತ್ತು ಸಾಕಾಗಿತ್ತು. ಕಂಬಕ್ಕೆ ಒರಗಿ ಹೇಳಿದಳು:

“ನೀವು ಹೋಗೋದು ಬರೋದು ನಾವು ನೋಡ್ತಾನೇ ಇದ್ವಿ ಕಣ್ರಿ. ನಾನು ಕರೀತೀನಿ ಅಂತ ಎದ್ದೆ. ಕೈ ಹಿಡ್ದು ಎಳ್ದು ಕೂರಿಸಿದ್ಲು. ‘ಆ ಸಿಸ್ಟರ್ ಮಖ ನೋಡೆ, ನಿಂತಲ್ಲೇ ಬೀಳಂಗೆ ಆಗೈತೆ. ನಾವು ಕರದ್ರೆ ಅದೊಂದು ಕೆಲ್ಸ ಜಾಸ್ತಿ ಆಗ್ತೈತೆ. ಸುಮ್ಕೆ ಕುಂತ್ಕ, ಸಾಲು ಸರೀತೈತೆ’ ಅಂದ್ಲು. ಚೀಟಿ ಕಿಟಕಿ ಮುಚ್ಚಿದಾಗ ನಮ್ಮ ಮುಂದೆ ಇನ್ನ ಆರು ಮಂದಿ ಇದ್ರು.”

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಯಾರೋ ನೀರು ತಂದುಕೊಟ್ಟು, “ಸಿಸ್ಟರ್‌ಗೆ ಸುಸ್ತಾಗೈತೆ, ಗಾಳಿ ಬಿಡ್ರಿ” ಎಂದರು. ಆ ಮಾತು ಕೇಳಿದ ಮೇಲಂತೂ ತಡೆಯಲಾಗದೆ ಜೋರಾಗಿ ಅತ್ತುಬಿಟ್ಟೆ.

ಈಗಲೂ ಅದೇ ಆಸ್ಪತ್ರೆ, ಅದೇ ಇಬ್ಬರು, ಅದೇ ಸುಸ್ತು. ಯಾವುದೂ ಬದಲಾಗಿಲ್ಲ, ಬದಲಾಗುವ ಲಕ್ಷಣವೂ ಇಲ್ಲ. ಆದರೆ ಮಧ್ಯಾಹ್ನ ಹನ್ನೆರಡೂವರೆ ಆಯಿತೆಂದರೆ ಕೈಯಲ್ಲಿದ್ದದ್ದನ್ನು ಇಟ್ಟು ಹೊರಗೆ ಬಂದು, ಸಾಲಿನ ಕೊನೆಯವರೆಗೂ ನಡೆದು ಹೋಗುತ್ತೇನೆ. ಕಾಲು ಬೇಡ ಅನ್ನುತ್ತದೆ; ಅದರ ಮಾತು ಕೇಳುವುದನ್ನು ಬಿಟ್ಟಿದ್ದೇನೆ. ಕೂಗಾಡುವವರನ್ನು, ಬೈಯುವವರನ್ನು ದಾಟಿ ಮುಂದೆ ಹೋಗುತ್ತೇನೆ. ನನ್ನ ಮುಖ ನೋಡಿ ಕರೆಯದೆ ಸುಮ್ಮನೆ ಕೂತವರು ಯಾರಾದರೂ ಇದ್ದಾರಾ ಎಂದು ಹುಡುಕುತ್ತೇನೆ. ದಿನಕ್ಕೊಬ್ಬರಾದರೂ ಇದ್ದೇ ಇರುತ್ತಾರೆ.