ಸಾರಕ್ಕಿ ಏರಿಯ ಮೇಲೆ ಬ್ರೇಕ್ ಇನ್ಸ್‌ಪೆಕ್ಟರ್

ಅರವತ್ತರ ದಶಕದಲ್ಲಿ ನಾನು ಅರೆಕೆರೆಯ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದೆ. ಮನೆ ಜಯನಗರದಲ್ಲಿ. ಆ ಕಡೆಗೆ ಇದ್ದದ್ದು ಒಂದೇ ಖಾಸಗಿ ಬಸ್ಸು. ಅದು ಸಾರಕ್ಕಿ ಕೆರೆಯ ಏರಿ ಹತ್ತಿ ಇಳಿದು ಹೋಗಬೇಕಿತ್ತು.

ಒಂದು ಬೆಳಿಗ್ಗೆ ಆ ಇಳಿಜಾರಿನಲ್ಲಿ ಬಸ್ಸು ನಿಲ್ಲಲಿಲ್ಲ. ಎದುರಿಗೆ ಎತ್ತಿನ ಗಾಡಿ. ಡ್ರೈವರ್ ಮತ್ತೆ ಮತ್ತೆ ಬ್ರೇಕ್ ತುಳಿಯುತ್ತಿದ್ದುದು ಮುಂದಿನ ಸೀಟಿನಲ್ಲಿದ್ದ ನನಗೆ ಕಾಣುತ್ತಿತ್ತು. ಹೇಗೋ ಗೇರು ಇಳಿಸಿ, ಪಕ್ಕಕ್ಕೆ ತಿರುಗಿಸಿ, ನೀರಿನ ಅಂಚಿನಲ್ಲಿ ನಿಲ್ಲಿಸಿದ. ಪಕ್ಕದಲ್ಲಿ ಕೂತಿದ್ದ ತುಂಬು ಬಸುರಿ ನನ್ನ ಕೈ ಹಿಡಿದವಳು ಊರು ಬರುವವರೆಗೂ ಬಿಡಲಿಲ್ಲ.

"ಹಳೇ ಗಾಡಿ, ಹಿಂಗೇಯ," ಎಂದು ಕಂಡಕ್ಟರ್ ನಕ್ಕ.

"ಬಸ್ಸಿನವರ ಸಹವಾಸ ನಮಗ್ಯಾಕೆ?" ಎಂದರು ನಮ್ಮ ಯಜಮಾನರು, ಸಂಜೆ ಮನೆಯಲ್ಲಿ ಹೇಳಿದಾಗ. ಆದರೂ ರಜೆ ಹಾಕಿ ಸಾರಿಗೆ ಕಚೇರಿಗೆ ಹೋದೆ.

"ಹೆಸರು, ವಿಳಾಸ ಇಲ್ದಿರೋ ದೂರು ನಾವು ತಗೊಳಲ್ಲ ಮೇಡಂ," ಎಂದ ಗುಮಾಸ್ತ. ಸ್ವಲ್ಪ ಹೊತ್ತು ಹಿಂಜರಿದೆ. ಬಸುರಿಯ ಹಿಡಿತ ನೆನಪಾಗಿ ಬರೆದುಕೊಟ್ಟೆ. ಜನ ಬ್ರೇಕ್ ಇನ್ಸ್‌ಪೆಕ್ಟರ್ ಎಂದು ಕರೆಯುತ್ತಿದ್ದ ಅಧಿಕಾರಿ ಅದನ್ನು ಓದಿ, ಜಾಗ ಯಾವುದೆಂದು ವಿಚಾರಿಸಿದರು.

"ಕಚೇರಿಗೆ ಕರೆಸಿದ್ರೆ ಹಿಂದಿನ ದಿನಾನೇ ರಿಪೇರಿ ಮಾಡಿಸ್ಕೊಂಡು ಬರ್ತಾರೆ. ಆಮೇಲೆ ಅದೇ ಕಥೆ. ದಾರೀಲೇ ಹಿಡೀಬೇಕು. ನೀವು ಯಾರಿಗೂ ಹೇಳ್ಬೇಡಿ."

ನಾನು ಹೇಳಲಿಲ್ಲ. ಆದರೆ ಸುದ್ದಿ ಕಚೇರಿಯಿಂದಲೇ ಸೋರಿತ್ತು. ಒಂದು ದಿನ ಟಿಕೆಟ್ ಹರಿಯುತ್ತಾ ಕಂಡಕ್ಟರ್ ಗಟ್ಟಿಯಾಗಿ ಹೇಳಿದ: "ಯಾರೋ ನಮ್ಮ ಮೇಲೆ ಕಂಪ್ಲೇಂಟ್ ಕೊಟ್ಟವ್ರಂತೆ. ನಿಮಗೇನಾದ್ರೂ ಗೊತ್ತಾ ಟೀಚರಮ್ಮ?"

ಉತ್ತರ ಹೊರಡುವ ಮೊದಲೇ ತೆವಳುತ್ತಾ ಏರಿ ಹತ್ತುತ್ತಿದ್ದ ಬಸ್ಸು ಮೇಲೆ ತಲುಪಿ ನಿಂತಿತು. ರಸ್ತೆಗೆ ಅಡ್ಡವಾಗಿ ಇನ್ಸ್‌ಪೆಕ್ಟರರ ಜೀಪು.

ಅವರು ಎಲ್ಲರನ್ನೂ ಕೆಳಗಿಳಿಸಿ, ಜೀಪನ್ನು ಬದಿಗೆ ಸರಿಸಿ, ತಾವೇ ಬಸ್ಸು ಹತ್ತಿ ಡ್ರೈವರ್ ಪಕ್ಕದಲ್ಲಿ ಕೂತರು. "ನಿಧಾನಕ್ಕೆ ಬಿಡು. ನಿಲ್ಸು ಅಂದಾಗ ನಿಲ್ಸು."

ಖಾಲಿ ಬಸ್ಸು ಇಳಿಯತೊಡಗಿತು. ಅವರು ಕೈ ಎತ್ತಿದ್ದು ಹಿಂದಿನಿಂದ ಕಂಡಿತು. ಬಸ್ಸು ನಿಲ್ಲಲಿಲ್ಲ. ಅದು ವೇಗ ಹೆಚ್ಚಿಸಿಕೊಂಡು, ಓಲಾಡಿ, ಕೊನೆಗೆ ಕತ್ತಾಳೆ ಬೇಲಿಗೆ ನುಗ್ಗಿ ಮಣ್ಣಿನಲ್ಲಿ ಹೂತು ನಿಂತಿತು. ಇನ್ಸ್‌ಪೆಕ್ಟರ್ ಇಳಿದು ಬಂದರು. "ಈ ಗಾಡಿ ಇನ್ನು ಕದಲಂಗಿಲ್ಲ," ಎಂದಷ್ಟೇ ಹೇಳಿದರು.

ಜನ ನಿಟ್ಟುಸಿರು ಬಿಡುತ್ತಾರೆಂದುಕೊಂಡಿದ್ದೆ. ಸೊಪ್ಪಿನ ಬುಟ್ಟಿ ಹೊತ್ತಿದ್ದ ಅಜ್ಜಿ, "ನಾಳೆಯಿಂದ ಪೇಟೆಗೆ ಹೆಂಗಪ್ಪಾ ಓಗೋದು?" ಎಂದು ಕೂಗಿದಳು.

"ಟೀಚರಮ್ಮನ್ನ ಕೇಳಿ," ಎಂದ ಕಂಡಕ್ಟರ್.

"ಹೌದು, ದೂರು ಕೊಟ್ಟೋಳು ನಾನೇ," ಎಂದೆ. ಎಲ್ಲರೂ ನನ್ನನ್ನು ಬಿಟ್ಟು ನಡೆದುಹೋದರು.

ಡ್ರೈವರ್ ಮಾತ್ರ ಬೇಲಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತಿದ್ದ. "ಓನರ್‌ಗೆ ಹೇಳಿ ಹೇಳಿ ಸಾಕಾಗಿತ್ತು ಅಮ್ಮ. ನಾನೇ ದೂರು ಕೊಟ್ಟಿದ್ರೆ ಕೆಲ್ಸ ಹೋಗೋದು. ಒಳ್ಳೇದು ಮಾಡಿದ್ರಿ," ಎಂದ.

ಆಮೇಲೆ ಬಹಳ ದಿನ ಶಾಲೆಗೆ ನಡೆದೇ ಹೋದೆ. ಮಕ್ಕಳ ತಾಯಂದಿರು ಮುಖ ತಿರುಗಿಸುತ್ತಿದ್ದರು. ಕೊನೆಗೊಮ್ಮೆ ಬಸ್ಸು ಹೊಸ ಬ್ರೇಕಿನೊಂದಿಗೆ ಬಂತು. ಸ್ಟೀರಿಂಗ್ ಹಿಡಿದವನು ಬೇರೆಯವನು. "ಇನ್ಸ್‌ಪೆಕ್ಟರ್ ಮುಂದೆ ಮರ್ಯಾದೆ ಕಳೆದ ಅಂತ ಓನರ್ ಅವನ್ನ ತೆಗೆದ್ರು," ಎಂದ ಕಂಡಕ್ಟರ್, ನನ್ನ ಮುಖ ನೋಡದೆ.

ಮತ್ತೆ ಸಾರಿಗೆ ಕಚೇರಿಗೆ ಹೋದೆ. ಇನ್ಸ್‌ಪೆಕ್ಟರ್ ಎದ್ದು ನಿಂತು ಕುರ್ಚಿ ಕೊಟ್ಟರು, ಎಲ್ಲವನ್ನೂ ಕೇಳಿಸಿಕೊಂಡರು.

"ಗಾಡಿ ಕೆಟ್ಟಿದ್ರೆ ನಾನು ನಿಲ್ಲಿಸಬಹುದು ಮೇಡಂ," ಎಂದರು. "ಓನರ್ ಯಾರನ್ನ ಇಟ್ಕೋತಾನೆ, ಯಾರನ್ನ ಬಿಡ್ತಾನೆ ಅನ್ನೋದು ನನ್ನ ಕೈಲಿಲ್ಲ."

ಆ ಡ್ರೈವರ್ ಎಲ್ಲಿಗೆ ಹೋದನೆಂದು ಅವರಿಗೂ ಗೊತ್ತಿರಲಿಲ್ಲ.