ವೇಣೂಬಾಯಿಯವರು ಕಾಲಿಡದ ಹುಲ್ಲು

ಹುಲ್ಲು ನೆಡುವುದನ್ನು ಕೆಲಸವೆಂದು ಎಣಿಸದವರು ಬಹಳ ಮಂದಿ. ಲಾಡಬಿ ಅಂಥವರಿಗೆ ಉತ್ತರ ಕೊಡುವುದಿಲ್ಲ. ಅವರ ಅಂಗಳದ ಕಡೆ ಒಮ್ಮೆ ನೋಡುತ್ತಾಳೆ, ಅಷ್ಟೆ.

ಸಿಂದಗಿ ಕಡೆಯ ಹಳ್ಳಿಯಿಂದ ಇಪ್ಪತ್ತೆರಡು ವರ್ಷಗಳ ಹಿಂದೆ ಗಂಡ ಜಿಲಾನಿಯೊಡನೆ ಗೋವಾದ ವಾಸ್ಕೋಗೆ ಬಂದವಳು ಅವಳು. ಮಂಗೋರ್ ಹಿಲ್‌ನಲ್ಲಿ ನಮ್ಮ ಮನೆಯಿಂದ ಎರಡು ಬಾಗಿಲಾಚೆ ಅವರ ಮನೆ. ಜಿಲಾನಿ ಟೆಂಪೋ ಓಡಿಸುತ್ತಾನೆ. ಲಾಡಬಿ ಹನ್ನೊಂದು ವರ್ಷ ಸಮುದ್ರದಂಚಿನ ಹೋಟೆಲೊಂದರ ಹುಲ್ಲುಹಾಸಿನಲ್ಲಿ ಕಳೆ ಕಿತ್ತಳು. ಯಾವ ಹುಲ್ಲು ಉಪ್ಪುಗಾಳಿ ತಾಳುತ್ತದೆ, ಯಾವುದು ನೆರಳಿನಲ್ಲಿ ಸೊರಗುತ್ತದೆ, ಯಾವುದು ಆಷಾಢದ ಮಳೆಗೆ ಬುಡದಲ್ಲೇ ಕೊಳೆಯುತ್ತದೆ ಎಂಬುದನ್ನು ಅವಳು ಬೆರಳುಗಳಿಂದಲೇ ಕಲಿತಳು. ಅಕ್ಷರ ಬಾರದವರಿಗೆ ವಿದ್ಯೆಯಿಲ್ಲ ಎನ್ನುವವರನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಕ್ಷರಕ್ಕಾಗಿ ನಾನು ಪಟ್ಟ ಪಾಡು ನನಗೆ ಗೊತ್ತಿದೆ. ತನ್ನ ವಿದ್ಯೆಗಾಗಿ ಅವಳು ಪಟ್ಟ ಪಾಡು ಅದಕ್ಕಿಂತ ಕಡಿಮೆಯದಲ್ಲ.

ಕಳೆದ ಬೇಸಿಗೆಯಲ್ಲಿ ಅವಳು ಹೋಟೆಲು ಬಿಟ್ಟು ತನ್ನದೇ ಹೊಣೆಯ ಮೇಲೆ ಮೊದಲ ಅಂಗಳವನ್ನು ಒಪ್ಪಿಕೊಂಡಳು. ಅದು ದಾಬೋಳಿಯಲ್ಲಿರುವ ರಘೋತ್ತಮರ ಮನೆ. ಧಾರವಾಡದವರು, ವಿಮಾ ಕಚೇರಿಯೊಂದರಲ್ಲಿ ಮ್ಯಾನೇಜರು. ಅವರ ತಾಯಿ ವೇಣೂಬಾಯಿ ಜನವರಿಯಲ್ಲಿ ಹೊರಗಿನ ಟೈಲ್ಸಿನ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಆದರೆ ಭಯ ಮಾತ್ರ ಹೋಗಲಿಲ್ಲ. ವಾಕರು ಹಿಡಿದು ನಾಲ್ಕು ಹೆಜ್ಜೆ ಇಟ್ಟು ಮತ್ತೆ ಮಂಚಕ್ಕೆ ಮರಳುತ್ತಿದ್ದರು. ಮಳೆಗಾಲ ಮುಗಿಯುವುದರೊಳಗೆ ದಿನವೂ ನಡೆಯದಿದ್ದರೆ ಕಾಲು ಬಿಗಿದುಕೊಂಡು ಮುಂದೆ ನಡೆಯಲಾಗದು ಎಂದು ಡಾಕ್ಟರು ಹೇಳಿದ್ದರು. ಆದ್ದರಿಂದ ರಘೋತ್ತಮರು ಅಂಗಳದ ಟೈಲ್ಸ್ ಕೀಳಿಸಿದರು. ತಾಯಿ ಅಂಜದೆ ನಡೆಯುವಂಥ ಹುಲ್ಲು ಬೇಕಾಗಿತ್ತು.

ಲಾಡಬಿ ಮೊದಲು ಬರಿಗೈಯಲ್ಲಿ ಹೋದಳು. ಬೆಳಿಗ್ಗೆ, ನಡುಮಧ್ಯಾಹ್ನ, ಸಂಜೆ ಮೂರು ಹೊತ್ತೂ ಹೋಗಿ, ನೆರಳು ಎಲ್ಲಿಯವರೆಗೆ ಬರುತ್ತದೆಂದು ಸುಣ್ಣದ ಪುಡಿಯಿಂದ ಗೆರೆ ಎಳೆದಳು. ಚಿರೇಕಲ್ಲಿನ ಕೆಂಪು ನೆಲದ ಮೇಲೆ ಒಂದು ಬಕೆಟ್ ನೀರು ಸುರಿದು, ಅದು ಇಂಗುವತನಕ ಪಕ್ಕದಲ್ಲಿ ಕುಳಿತಳು.

ರಘೋತ್ತಮರ ಹೆಂಡತಿ ಸುಹಾಸಿನಿ ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. "ಇದ ಬೇಕು ನೋಡು, ಮೆಕ್ಸಿಕನ್ ಗ್ರಾಸ್. ಗಾದಿ ಹಾಸಿಧಂಗ ಅದ."

"ಗಾದಿ ಖರೇ ಐತ್ರಿ ಬಾಯಾರ. ಆದ್ರ ಮಕ್ಕೊಳ್ಳಾಕ ಚಲೋ, ನಡಿಯಾಕ ಅಲ್ಲ. ದಿಬ್ಬ ದಿಬ್ಬ ಏಳ್ತೈತಿ. ವಾಕರಿನ ಕಾಲು ಒಂದು ಮ್ಯಾಲ, ಒಂದು ತಳಗ ಆಕ್ಕಾವು. ನಮ್ಮ ಕಡಿ ಒಂದು ಮಳಿ ಬಿದ್ರ ಗೋವಾದಾಗ ನಾಕು ತಿಂಗಳು ಬೀಳ್ತೈತಿ, ಬುಡ ಕೊಳೀತೈತಿ."

ಲಾಡಬಿ ಆರಿಸಿದ್ದು ನರ್ಸರಿಯವರು 'ಸಿಲೆಕ್ಷನ್ ನಂಬರ್ ಒನ್' ಎಂದು ಮಾರುವ ಸಣ್ಣೆಲೆಯ ಹುಲ್ಲನ್ನು. ನೆಲಕ್ಕೆ ಅಂಟಿಕೊಂಡು ಬೆಳೆಯುತ್ತದೆ, ಕತ್ತರಿಸಿದರೆ ಚಾಪೆಯಂತೆ ಸಮನಾಗುತ್ತದೆ. ಅವಳ ತರ್ಕದಲ್ಲಿ ತಪ್ಪಿರಲಿಲ್ಲ. ಮೇ ತಿಂಗಳಲ್ಲಿ ನೆಟ್ಟಳು; ಜೂನ್ ಮುಗಿಯುವಷ್ಟರಲ್ಲಿ ಅಂಗಳ ಹಸಿರಾಯಿತು.

ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ ವೇಣೂಬಾಯಿಯವರನ್ನು ಮೆಟ್ಟಿಲವರೆಗೆ ಕರೆತಂದರು. ಅವರು ಚಪ್ಪಲಿ ಬಿಟ್ಟು, ಬಾಗಿ ನೋಡಿ, ಎತ್ತಿದ ಕಾಲನ್ನು ಹಿಂದಕ್ಕೆಳೆದುಕೊಂಡರು.

"ಇದು ಕರಕಿ ಅಲ್ಲೇನು?"

"ಅಲ್ಲವ್ವಾ," ಎಂದರು ರಘೋತ್ತಮ. "ನರ್ಸರಿಯವ ಇದಕ್ಕ ಸಿಲೆಕ್ಷನ್ ಅಂತಾನ."

"ಅವ ಏನರೆ ಅನ್ಲಿ. ನೀನು ಮ್ಯಾನೇಜರ ಆದ ಮ್ಯಾಲೂ ನಾ ನಿನ್ನ ಗುರ್ತ ಹಿಡೀತೀನೋ ಇಲ್ಲೋ? ಚೌತಿಗೆ ಗಣಪ್ಪನ ತಲಿಮ್ಯಾಲೆ ಇಡೂದನ್ನ ನಾ ತುಳೀಲೇನು?"

ಸುಹಾಸಿನಿ ಎಷ್ಟೋ ಹೇಳಿ ನೋಡಿದರು. ವರ್ಷವೂ ಪೇಟೆಯಿಂದ ಕರಿಕೆಯ ಕಟ್ಟು ಕೊಂಡು ತರುತ್ತಿದ್ದ ಅವರಿಗೇ, ಕತ್ತರಿಸಿ ಸಮಮಾಡಿದ ಹುಲ್ಲಿನಲ್ಲಿ ಅದರ ಗುರುತು ಹತ್ತಿರಲಿಲ್ಲ. ವೇಣೂಬಾಯಿ ಒಳಗೆ ಹೋಗಿ ಮಲಗಿದರು. ಮರುದಿನವೂ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ನಿಜವಾಗಿ ಈ ತಪ್ಪು ಲಾಡಬಿಯಿಂದ ಆಗಬಾರದಿತ್ತು. ಚಿಕ್ಕವಳಿದ್ದಾಗ ಚೌತಿಯ ಮುನ್ನಾದಿನ ಬಾವಿಯ ಬದಿಯಲ್ಲಿ ಕರಿಕೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ತಾಯಿಯೊಡನೆ ಸಿಂದಗಿಯ ಪೇಟೆಗೆ ಒಯ್ಯುತ್ತಿದ್ದವಳು ಅವಳು. ಮೂರೆಳೆಯ ಕುಡಿಯೇ ಆಗಬೇಕೆಂಬುದು ಕೂಡ ಅವಳಿಗೆ ಗೊತ್ತಿತ್ತು. ಆದರೆ ಹನ್ನೊಂದು ವರ್ಷ ಹೋಟೆಲಿನಲ್ಲಿ ಪರದೇಶದವರ ಬೂಟುಗಳ ಕೆಳಗೆ ಅದನ್ನೇ ನೋಡಿ ನೋಡಿ, ಅದು ಬರೀ ಹುಲ್ಲಾಗಿಹೋಗಿತ್ತು.

ಸುದ್ದಿ ಕೇಳಿದ ಜಿಲಾನಿ ನಕ್ಕ. "ಕಟ್ಟು ಕಟ್ಟಿ ಮಾರಿದಾಕಿ ನೀನ, ಮರತಾಕಿನೂ ನೀನ. ಇನ್ನ ಏನ್ಮಾಡ್ತಿ? ಅಜ್ಜಿಗೆ ಬೂಟು ಹಾಕ್ಕೋರಿ ಅಂತೀಯೇನು?"

"ಕಿತ್ತು ತೆಗೀತೇನಿ."

"ಎಲ್ಲಾನೂ?"

"ನೀ ಟೆಂಪೋ ತೊಗೊಂಬಾ. ಮಾತು ಬ್ಯಾಡ."

ಅವಳು ನೆಪ ಹುಡುಕಲಿಲ್ಲ, ನರ್ಸರಿಯವನ ಮೇಲೆ ಹಾಕಲಿಲ್ಲ. ಮರುದಿನ ನೇರವಾಗಿ ವೇಣೂಬಾಯಿಯವರ ಕೋಣೆಯ ಬಾಗಿಲಿಗೆ ಹೋಗಿ ನಿಂತಳು.

"ಅಜ್ಜಿ, ತಪ್ಪು ನಂದ್ರಿ. ನೆಲಾನ ಮೂರು ಸಲ ನೋಡಿದೆ. ನಡಿಯೋರನ್ನ ಒಂದು ಸಲಾನೂ ಕೇಳಲಿಲ್ಲ."

"ಈಗರೆ ಕೇಳು," ಎಂದರು ಮುದುಕಿ, ಗೋಡೆಯ ಕಡೆ ತಿರುಗಿಕೊಂಡೇ.

ಲಾಡಬಿ ಮೂರು ಪ್ಲಾಸ್ಟಿಕ್ ಬುಟ್ಟಿಗಳನ್ನು ಒಳಗೆ ತಂದು ಮಂಚದ ಮುಂದೆ ಸಾಲಾಗಿ ಇಟ್ಟಳು. ಒಂದರಲ್ಲಿ ಮೆಕ್ಸಿಕನ್, ಇನ್ನೊಂದರಲ್ಲಿ ಕೊರಿಯನ್, ಮೂರನೆಯದರಲ್ಲಿ ಬಫೆಲೋ ಎಂದು ಕರೆಯುವ ಅಗಲ ಎಲೆಯ ಹುಲ್ಲು. ವೇಣೂಬಾಯಿ ಮಂಚದ ಮೇಲೆ ಕುಳಿತೇ ಒಂದೊಂದರಲ್ಲೂ ಪಾದ ಇಟ್ಟರು. ಮೊದಲನೆಯದು ಹುಳ ಹರಿದಂತಾಗುತ್ತದೆ ಎಂದರು. ಎರಡನೆಯದು ಚುಚ್ಚಿತು. ಮೂರನೆಯದರಲ್ಲಿ ಪಾದವನ್ನು ಹಾಗೆಯೇ ಬಿಟ್ಟರು.

"ಇದರ ಹೆಸರೇನು?"

"ಎಮ್ಮಿ ಹುಲ್ಲು ಅಂತಾರ್ರಿ."

"ಯಾವ ದೇವರಿಗರೆ ಏರಸ್ತಾರೇನು?"

"ಇಲ್ರಿ. ಎಮ್ಮಿನೂ ಮೂಸಿ ನೋಡಿ ತಿಂತಾವು."

ವೇಣೂಬಾಯಿ ನಕ್ಕರು. ಬಿದ್ದ ಮೇಲೆ ಅತ್ತೆ ನಕ್ಕದ್ದು ಅದೇ ಮೊದಲು ಎಂದು ಸುಹಾಸಿನಿ ಆಮೇಲೆ ಹೇಳಿದರು.

ಕರಿಕೆಯನ್ನು ಕಿತ್ತು ತೆಗೆಯುವುದು ನೆಡುವುದಕ್ಕಿಂತ ಕಷ್ಟ. ಒಂದು ಗೇಣು ಆಳದಲ್ಲಿ ಬೇರಿನ ತುಣುಕು ಉಳಿದರೂ ಮತ್ತೆ ಚಿಗುರುತ್ತದೆ. ಲಾಡಬಿ ಮತ್ತು ನೆರೆಮನೆಯ ಮಕ್ತುಮಬಿ ಜುಲೈ ಮಳೆಯಲ್ಲಿ ತಲೆಗೆ ಪ್ಲಾಸ್ಟಿಕ್ ಹೊದ್ದು ಎಂಟು ದಿನ ಅಗೆದರು. ವೇಣೂಬಾಯಿಯವರ ಒಂದು ಕಟ್ಟಳೆಯಿತ್ತು: ಕಿತ್ತದ್ದನ್ನು ದಾರಿಯಲ್ಲಿ ಎಸೆಯಕೂಡದು. ಜಿಲಾನಿ ಅದನ್ನೆಲ್ಲ ಟೆಂಪೋದಲ್ಲಿ ಒಯ್ದು ವಾಳಪೈ ಕಡೆಯ ಪರಿಚಯದವನ ಆಕಳುಗಳಿಗೆ ಹಾಕಿ ಬಂದ. ಅಂಗಳದ ಆ ತುದಿಯಲ್ಲಿ, ತುಳಸಿಕಟ್ಟೆಯ ಪಕ್ಕಕ್ಕೆ, ಒಂದು ಮೊಳದ ಪಟ್ಟಿಯನ್ನು ಮಾತ್ರ ಲಾಡಬಿ ಹಾಗೆಯೇ ಬಿಟ್ಟಳು. ಬೇರು ಈಚೆ ಹರಿಯದಂತೆ ಸುತ್ತಲೂ ಚಿರೇಕಲ್ಲು ಹೂಳಿದಳು. ಉಳಿದ ನೆಲಕ್ಕೆಲ್ಲ ಅಗಲೆಲೆಯ ಹುಲ್ಲು ಹತ್ತಿರ ಹತ್ತಿರ ನೆಟ್ಟಳು.

ಆಗಸ್ಟಿನಲ್ಲಿ ವೇಣೂಬಾಯಿ ಅಂಗಳಕ್ಕಿಳಿದರು. ಮೊದಲ ದಿನ ಐದು ಹೆಜ್ಜೆ. ಲಾಡಬಿ ವಾರಕ್ಕೆರಡು ಸಲ ಕತ್ತರಿಸಲು ಹೋದಾಗಲೆಲ್ಲ ಹೆಜ್ಜೆಯ ಲೆಕ್ಕ ಕೇಳುತ್ತಿದ್ದಳು. ಕಡಿಮೆಯಾಗಿದ್ದರೆ, "ನಾ ಹುಲ್ಲು ನೆಟ್ಟದ್ದು ನೀವು ಕುಂತು ನೋಡಾಕಲ್ರಿ," ಎನ್ನುತ್ತಿದ್ದಳು.

ಚೌತಿಯ ಬೆಳಿಗ್ಗೆ ಅವಳಿಗೆ ಬುಲಾವು ಬಂತು. ಹೋದಾಗ ವೇಣೂಬಾಯಿ ಮಡಿಸೀರೆಗೆ ಇನ್ನೂ ಕೈಹಚ್ಚಿರಲಿಲ್ಲ. ವಾಕರು ಹಿಡಿದು ಮೆಟ್ಟಿಲ ಬಳಿ ಕಾಯುತ್ತಿದ್ದರು.

"ನನಗ ಬಗ್ಗಲಿಕ್ಕೆ ಬರೂದಿಲ್ಲ. ಕರಕಿ ಕೊಯ್ದು ಕೊಡು."

"ನನ್ನ ಕೈಲೆ ನಡೀತೈತೇನ್ರಿ?"

"ಪ್ಯಾಟಿಯೊಳಗ ಯಾರು ಕೊಯ್ದದ್ದು ಅಂತ ಕೇಳಿ ತರತಿದ್ವೇನು? ನಡಿ."

ಲಾಡಬಿ ಮುಂದೆ ಹೋಗಿ ಕಲ್ಲುಗಳ ನಡುವಿನ ಪಟ್ಟಿಯ ಬಳಿ ಕುಳಿತಳು. ವೇಣೂಬಾಯಿ ಅಗಲೆಲೆಯ ಹುಲ್ಲಿನ ಮೇಲೆ ಒಂದೊಂದೇ ಹೆಜ್ಜೆಯಿಟ್ಟು, ಎಲ್ಲೂ ನಿಲ್ಲದೆ, ಅಂಗಳದ ಆ ತುದಿಯವರೆಗೆ ಬಂದರು. ಮೂವತ್ತೊಂದು ಹೆಜ್ಜೆ. ಲಾಡಬಿ ಕುಡಿಗಳನ್ನು ಚಿವುಟಿ ಮೇಲಕ್ಕೆ ಕೊಟ್ಟಳು. ಮುದುಕಿ ಒಂದೊಂದನ್ನೂ ಬೆಳಕಿಗೆ ಹಿಡಿದು ಪರೀಕ್ಷಿಸಿದರು.

"ಇದಕ್ಕ ಎರಡ ಎಳಿ ಅದಾವ. ಬ್ಯಾರೆ ಕೊಡು."

ಲಾಡಬಿ ಬೇರೆ ಕೊಟ್ಟಳು. ಇಪ್ಪತ್ತೊಂದು ಆದವು. ಅಷ್ಟರಲ್ಲಿ ರಘೋತ್ತಮರು ತಾಯಿ ದಣಿದಿರಬಹುದೆಂದು ಕುರ್ಚಿ ಎತ್ತಿಕೊಂಡು ಅವಸರದಿಂದ ಬಂದರು.

"ಕುರ್ಚಿ ಒಳಗ ಒಯ್ಯಿ," ಎಂದರು ವೇಣೂಬಾಯಿ. "ನನಗ ಇನ್ನ ಹೊಳ್ಳಿ ನಡಕೋತ ಹೋಗೂದದ."