ಒಬ್ಬರು ನೋಡಿದರೆ ಸಾಕು

ನಮ್ಮ ಆಫೀಸಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ಪುಕ್ಕಲಕ್ಕ ಎಂದು. ಹಿಂದಿನಿಂದ ಯಾರಾದರೂ ಕೆಮ್ಮಿದರೆ ಕುರ್ಚಿ ಬಿಟ್ಟು ಎದ್ದೇಬಿಡುವಳು. ಲಿಫ್ಟಿನಲ್ಲಿ ಒಬ್ಬಳೇ ಹೋಗುವವಳಲ್ಲ. ಗಂಡ ಫೋನ್ ಎತ್ತಲಿಲ್ಲವೋ, ಮನಸ್ಸಿನಲ್ಲೇ ಅವರಿಗೆ ಅಪಘಾತ ಮಾಡಿಸಿ, ಆಸ್ಪತ್ರೆಗೆ ಸೇರಿಸಿ, ಅತ್ತು ಮುಗಿಸಿರುವಳು. ಇಂಥವಳಿಗೆ ನಮ್ಮ ಬಾಸ್ ಒಪ್ಪಿಸಿದ ಕೆಲಸ ನೋಟಿಫಿಕೇಶನ್! ಅಂಗಡಿ, ಗೋದಾಮು, ಕಾರ್ಖಾನೆಗಳವರು ಬಳಸುವ ನಮ್ಮ ಆ್ಯಪ್ ಯಾವುದಕ್ಕೆ ಗಂಟೆ ಬಾರಿಸಬೇಕು, ಯಾವುದಕ್ಕೆ ಬಾಯಿ ಮುಚ್ಚಿಕೊಂಡಿರಬೇಕು ಎಂದು ತೀರ್ಮಾನಿಸುವುದು. "ಯಾವುದಕ್ಕೆ ಹೆದರಬೇಕು ಅಂತ ನಿನಗಿಂತ ಚೆನ್ನಾಗಿ ಯಾರಿಗಮ್ಮಾ ಗೊತ್ತು?" ಎಂದಿದ್ದರು ಬಾಸ್. ತಮಾಷೆಗೆ ಹೇಳಿದರೂ ಮಾತು ನಿಜವೇ ಆಗಿತ್ತು.

ಮೊದಮೊದಲು ಅಕ್ಕ ಎಲ್ಲದಕ್ಕೂ ಗಂಟೆ ಇಟ್ಟಳು. ಸರಕು ಮುಗಿಯುತ್ತ ಬಂದರೆ ಗಂಟೆ, ಲಾರಿ ತಡವಾದರೆ ಗಂಟೆ, ಬಾಗಿಲು ತೆರೆದರೂ ಗಂಟೆ. ಬಳಸುವವರು ರೋಸಿಹೋದರು. ಎಲ್ಲಕ್ಕಿಂತ ಜೋರಾದ ಬೈಗುಳ ಬಂದದ್ದು ಅವಳ ಗಂಡನಿಂದಲೇ. ನಾನು ಭಾವ ಎಂದು ಕರೆಯುವ ಅವರು ಊರಿನ ಆ ತುದಿಯ ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್. ಅಲ್ಲಿಯೂ ಇರುವುದು ನಮ್ಮ ಆ್ಯಪ್ಪೇ. "ಮನೇಲಿ ನೀನು, ಅಲ್ಲಿ ನಿನ್ನ ಗಂಟೆ. ನಾನು ಎಲ್ಲಿಗೆ ಹೋಗ್ಲಿ ಹೇಳು!" ಎಂದು ನನ್ನೆದುರಿಗೇ ರೇಗಿದ್ದರು. ಅಕ್ಕ ನಕ್ಕಳು, ಆದರೆ ಆ ಮಾತು ಅವಳಿಗೆ ನಾಟಿತ್ತು.

ಹಾಗೆ ಹೊಸ ವ್ಯವಸ್ಥೆ ಹುಟ್ಟಿತು. ಯಾವ ಅಲರ್ಟ್ ಬಂದರೂ ಮೊದಲು ಆ ಜಾಗದ ಸೂಪರ್‌ವೈಸರ್‌ಗೆ ಮಾತ್ರ ಹೋಗುತ್ತದೆ. ಅವರು 'ನೋಡಿದೆ' ಬಟನ್ ಒತ್ತಿದರೆ ಅಲ್ಲಿಗೆ ಮುಗಿಯಿತು. ಒತ್ತದಿದ್ದರೆ ಸ್ವಲ್ಪ ಹೊತ್ತು ಕಾದು ಉಳಿದ ಎಲ್ಲರ ಫೋನುಗಳೂ ಬಡಿದುಕೊಳ್ಳುತ್ತವೆ. ಒಬ್ಬರು ನೋಡಿದರೆ ಸಾಕು, ಊರಿನವರ ತಲೆಯನ್ನೆಲ್ಲ ಯಾಕೆ ತಿನ್ನಬೇಕು ಎಂಬುದು ಅಕ್ಕನ ಲೆಕ್ಕಾಚಾರ. ಕೋಡ್ ಬರೆದವನು ನಾನು. ಪರೀಕ್ಷೆ ಮಾಡಿ ತೋರಿಸಿದಾಗ ಎಲ್ಲರೂ ಭೇಷ್ ಎಂದರು.

ಅದು ಚಾಲೂ ಆದ ದಿನ ಅಕ್ಕ ಪರದೆಯ ಮುಂದಿನಿಂದ ಕದಲಲೇ ಇಲ್ಲ. ಮಧ್ಯಾಹ್ನ ನಾನು ಊಟದ ಡಬ್ಬಿ ಬಿಚ್ಚಿದೆ. "ಬಾ ಅಕ್ಕಾ, ನೀನು ಕಾವಲು ಕೂರದಿದ್ರೂ ಅದು ಓಡುತ್ತೆ" ಎಂದೆ. ತಿರುಗಿ ನೋಡಿದರೆ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಬೆರಳು ಪರದೆಯ ಒಂದು ಸಾಲಿನ ಮೇಲಿತ್ತು. ಭಾವನ ಕೋಲ್ಡ್ ಸ್ಟೋರೇಜಿನ ಸಾಲು.

'ಫ್ರೀಜರ್ ರೂಮಿನೊಳಗೆ ವ್ಯಕ್ತಿ ಇದ್ದಾರೆ. ಒಳಹೋದವರು: ಸೂಪರ್‌ವೈಸರ್. ನೋಡಿದವರು: ಸೂಪರ್‌ವೈಸರ್.'

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಭಾವ ಬಾಗಿಲಿಗೆ ಕಾರ್ಡು ತೋರಿಸಿದ್ದಾರೆ. ತಾವು ಒಳಗೆ ಹೋಗುತ್ತಿರುವ ಅಲರ್ಟು ತಮ್ಮದೇ ಜೇಬಿನಲ್ಲಿ ಸದ್ದು ಮಾಡಿದೆ. ರೂಢಿಯಂತೆ 'ನೋಡಿದೆ' ಒತ್ತಿ ಒಳಗೆ ಹೋಗಿದ್ದಾರೆ. ಇನ್ನು ಅದು ಬೇರೆ ಯಾರಿಗೂ ಹೋಗುವುದಿಲ್ಲ. ಒಳಗೆ ಹೋಗುವವರು ಸೂಪರ್‌ವೈಸರೇ ಆಗಿದ್ದರೆ ಏನು ಗತಿ ಎಂಬುದು ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ. ನೂರಾರು ಸಾಲುಗಳ ನಡುವೆ ಅದು ಅಕ್ಕನ ಕಣ್ಣಿಗೆ ಬೀಳುವಷ್ಟರಲ್ಲಿ ಅವರು ಒಳಗೆ ಹೋಗಿ ಮುಕ್ಕಾಲು ಗಂಟೆಯಾಗಿತ್ತು. ದಪ್ಪ ಕೋಟು ಹಾಕಿದವರೂ ಅಲ್ಲಿ ಅಷ್ಟು ಹೊತ್ತು ಇರುವಂತಿಲ್ಲ.

"ಹೊರಗೆ ಬರುವಾಗ ಕಾರ್ಡು ತೋರಿಸೋದು ಮರೆತಿರ್ತಾರೆ ಅಕ್ಕಾ. ನಿಂದು ಯಾವಾಗ್ಲೂ ಇದ್ದದ್ದೇ" ಎಂದೆ.

"ಬಾಗಿಲು ಆಮೇಲೆ ತೆರೆದೇ ಇಲ್ಲ ಕಣೋ. ಇಲ್ಲಿ ನೋಡು."

ಅಕ್ಕ ಭಾವನ ಫೋನಿಗೆ ಮಾಡಿದಳು, ಸಿಗಲಿಲ್ಲ. ಉಕ್ಕಿನ ಗೋಡೆಯೊಳಗೆ ಸಿಗ್ನಲ್ ಎಲ್ಲಿಂದ ಬರಬೇಕು? ಅಲ್ಲಿನ ಆಫೀಸಿನ ಫೋನು ಬಡಿದುಕೊಂಡು ಬಡಿದುಕೊಂಡು ನಿಂತಿತು. ಊಟದ ಹೊತ್ತು, ಎಲ್ಲರೂ ಕ್ಯಾಂಟೀನಿನಲ್ಲಿ. ಕೆಲಸಗಾರರ ನಂಬರುಗಳು ನಮಗೆ ಕಾಣದಂತೆ ಆ್ಯಪ್ ಮುಚ್ಚಿಟ್ಟಿರುತ್ತದೆ. ಅದೇ ಅಲರ್ಟನ್ನು ಮತ್ತೆ ಕಳಿಸಲು ಹೋದರೆ, ಒಬ್ಬರು ನೋಡಿಯಾಗಿದೆ ಎಂದು ನಮ್ಮದೇ ವ್ಯವಸ್ಥೆ ತಡೆಯಿತು. ನಾನು ಬರೆದ ಕೋಡಿಗೆ ನಾನೇ ಶಾಪ ಹಾಕಿದೆ.

ಉಳಿದಿದ್ದು ಒಂದೇ ದಾರಿ. ಆ್ಯಪ್ ರಿಪೇರಿಗೆ ನಿಲ್ಲುವಾಗ ಪರದೆ ತುಂಬ ಬರುವ, ಕೆಳಗಿನ 'ನೋಡಿದೆ' ಒತ್ತುವವರೆಗೂ ಹೋಗದ ಪ್ರಕಟಣೆ. ಅದು ಒಂದು ಕಡೆಗೆ ಮಾತ್ರ ಹೋಗುವುದಿಲ್ಲ, ಹೋದರೆ ನಮ್ಮ ಎಲ್ಲ ಗಿರಾಕಿಗಳಿಗೂ ಹೋಗುತ್ತದೆ. ಬಾಸ್ ಒಪ್ಪಿಗೆಯಿಲ್ಲದೆ ಅದನ್ನು ಮುಟ್ಟಿದರೆ ಕೆಲಸ ಹೋದಂತೆಯೇ. ರಜೆ ಕೇಳಲೂ ತೊದಲುವ ಪುಕ್ಕಲಕ್ಕ ನನ್ನ ಕೀಬೋರ್ಡನ್ನು ಎಳೆದುಕೊಂಡು ಬರೆದಳು: 'ಫ್ರೀಜರ್ ರೂಮಿನ ಬಾಗಿಲು ಈಗಲೇ ತೆಗೆಯಿರಿ. ಒಳಗೆ ಮನುಷ್ಯರು ಸಿಕ್ಕಿಕೊಂಡಿದ್ದಾರೆ.'

"ಅಕ್ಕಾ, ಬಟ್ಟೆ ಅಂಗಡಿಯವರಿಗೂ ಹೋಗುತ್ತೆ!"

"ಹೋಗ್ಲಿ" ಎಂದು ಕಳಿಸಿಬಿಟ್ಟಳು.

ಪರದೆಯ ಮೇಲೆ ಉತ್ತರಗಳು ಸುರಿಯತೊಡಗಿದವು. ಕೋಲ್ಡ್ ಸ್ಟೋರೇಜಿನಿಂದಲೂ ಬಂದವು. ಲೆಕ್ಕಿಗರು: ನೋಡಿದೆ. ಎಲೆಕ್ಟ್ರಿಷಿಯನ್: ನೋಡಿದೆ. ಲೋಡಿಂಗ್‌ನವರು: ನೋಡಿದೆ, ನೋಡಿದೆ, ನೋಡಿದೆ. "ನೋಡಿದ್ರು ಕಣೋ! ಓಡ್ತಿದ್ದಾರೆ!" ಎಂದು ಅಕ್ಕ ನನ್ನ ತೋಳು ಹಿಡಿದಳು. ಕಾದೆವು. ಬಾಗಿಲಿನ ಸಾಲು ಹಾಗೇ ಇತ್ತು: ಮುಚ್ಚಿದೆ. ಇನ್ನೂ ಕಾದೆವು. ಅಲ್ಲಿ ಭಾವನನ್ನೂ ಇನ್ನೊಬ್ಬರನ್ನೂ ಬಿಟ್ಟು ಎಲ್ಲರೂ ನೋಡಿಯಾಗಿತ್ತು. ಬಾಗಿಲು ಮುಚ್ಚಿಯೇ ಇತ್ತು. ಅಕ್ಕನ ಉಗುರು ನನ್ನ ತೋಳಿಗೆ ಇಳಿದಿತ್ತು, ಬಿಡಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ಆ ಹೊತ್ತಿನಷ್ಟು ಭಯವನ್ನು ನಾನು ಜನ್ಮದಲ್ಲಿ ಪಟ್ಟಿಲ್ಲ.

ಆಮೇಲೆ ಸಾಲು ಬದಲಾಯಿತು: ತೆರೆದಿದೆ.

ಸ್ವಲ್ಪದರಲ್ಲೇ ಅಲ್ಲಿನ ಆಫೀಸಿನಿಂದ ಫೋನು ಬಂತು. ಮಾತಾಡಿದ್ದು ಲಾರಿ ತೂಕ ಮಾಡುವ ಕಡೆ ಕೂರುವ ಹೆಂಗಸು. "ಉಸಿರಾಡ್ತಿದ್ದಾರಮ್ಮ, ಗಾಬರಿ ಆಗ್ಬೇಡಿ. ನಾನೇ ಓಡಿಹೋಗಿ ಬಾಗಿಲು ತೆಗೆದೆ. ತುಟಿ ನೀಲಿಗಟ್ಟಿದೆ. ಕಂಬಳಿ ಹೊದಿಸಿದೀವಿ, ಆಂಬುಲೆನ್ಸ್ ಬರ್ತಿದೆ. ಒಳಗಿನ ಹಿಡಿ ಐಸ್ ಕಟ್ಟಿ ತಿರುಗ್ತಾನೇ ಇರ್ಲಿಲ್ವಂತೆ."

"ನಿಮ್ಮ ಕಾಲಿಗೆ ಬೀಳ್ತೀನಿ ಕಣಮ್ಮ" ಎಂದಳು ಅಕ್ಕ. "ಅಷ್ಟೂ ಜನ ನೋಡಿ ಸುಮ್ನಿದ್ರು. ನೀವೊಬ್ರೇ ಓಡಿ ಹೋದ್ರಿ."

"ಅಯ್ಯೋ, ನಂದೇನು ದೊಡ್ಡಸ್ತಿಕೆ ಬಿಡಿ. ನನ್ನ ಫೋನಿನ ಗಾಜು ಒಡೆದಿದೆ, ಕೆಳಗಡೆ ಒತ್ತಿದ್ರೆ ಹಿಡಿಯೋದೇ ಇಲ್ಲ. ನಾನೂ ಒತ್ತಿ ಒತ್ತಿ ಸಾಕಾದೆ. ಹೋಗ್ಲೇ ಇಲ್ಲ. ಇನ್ನೇನು ಮಾಡೋದು ಅಂತ ಓದಿದೆ."

ಅಕ್ಕ ಫೋನನ್ನು ಮೇಜಿನ ಮೇಲಿಟ್ಟಳು. ಅಲ್ಲಿಯವರೆಗೆ ಗಟ್ಟಿಯಾಗಿದ್ದವಳು ಆಗ ಅಡಿಯಿಂದ ಮುಡಿಯವರೆಗೆ ನಡುಗತೊಡಗಿದಳು.

"ಭಾವ ಬದುಕಿದ್ರಲ್ಲ ಅಕ್ಕಾ, ಇನ್ನೂ ಯಾಕೆ ಹೆದರ್ತೀಯಾ?" ಎಂದೆ.

ಅವಳು ಪರದೆಯನ್ನೇ ನೋಡುತ್ತಿದ್ದಳು. ಅಲ್ಲಿ ಎಲ್ಲೆಲ್ಲಿಂದಲೋ ಒಂದರ ಹಿಂದೊಂದು 'ನೋಡಿದೆ', 'ನೋಡಿದೆ' ಎಂದು ಇನ್ನೂ ಬರುತ್ತಲೇ ಇತ್ತು.